ಸಿ ಯೂನಿಟ್ ಟೆಸ್ಟ್‌ಗಳಲ್ಲಿ ಮೆಮೊರಿ ಸೋರಿಕೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ಒಂದು ಪಾರ್ಸರ್‌ಗೆ (ಪಠ್ಯವನ್ನು ಓದಿ ಬಿಡಿಸುವ ಕೋಡ್) ಸಿಮೋಕಾ ಎಂಬ ಯೂನಿಟ್ ಟೆಸ್ಟ್ ಲೈಬ್ರರಿ ಬಳಸಿ ಟೆಸ್ಟ್‌ಗಳನ್ನು ಬರೆದಿದ್ದೇನೆ. ಒಂದು ಟೆಸ್ಟ್ ಸೋತರೂ ಮೆಮೊರಿ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರೈಂಡ್ ಎಂಬ ಸಾಧನ ಹತ್ತಾರು ಸೋರಿಕೆಗಳನ್ನು (ಪಡೆದು ಬಿಡುಗಡೆ ಮಾಡದ ಮೆಮೊರಿ) ತೋರಿಸುತ್ತದೆ. ಅವುಗಳಲ್ಲಿ ಕೋಡಿನ ತಪ್ಪು ಯಾವುದು, ಟೆಸ್ಟಿನ ತಪ್ಪು ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಉತ್ತರ 1: ಇದೇ ಗೊಂದಲದಲ್ಲಿ ನಾನೂ ಬಹಳ ದಿನ ಕಳೆದಿದ್ದೇನೆ. ಸಿಮೋಕಾದಲ್ಲಿ ಅಸರ್ಟ್ (ಫಲ ಸರಿಯಿದೆಯೇ ಎಂದು ನೋಡುವ ಸಾಲು) ಸೋತ ಕೂಡಲೇ ಸಿಯ ಲಾಂಗ್‌ಜಂಪ್ ಫಂಕ್ಷನ್ ಮೂಲಕ ಟೆಸ್ಟಿನಿಂದ ಹೊರಗೆ ಜಿಗಿಯುವುದರಿಂದ, ಕೊನೆಯಲ್ಲಿ ಮೆಮೊರಿ ಬಿಡುಗಡೆಗೆಂದು ನೀವು ಬರೆದಿಟ್ಟ ಫ್ರೀ ಸಾಲುಗಳು ನಡೆಯುವುದೇ ಇಲ್ಲ. ನಿಮಗೆ ಕಾಣುತ್ತಿರುವ ಸೋರಿಕೆಗಳಲ್ಲಿ ಹೆಚ್ಚಿನವು ಹೀಗೆ ಹುಟ್ಟಿದವು ಎಂದು ನನ್ನ ಅಂದಾಜು. ಟೆಸ್ಟಿಗೆ ಬೇಕಾದ ಪಾಯಿಂಟರ್‌ಗಳನ್ನೆಲ್ಲ ಒಂದು ಸ್ಟ್ರಕ್ಟ್‌ನಲ್ಲಿ ಸೇರಿಸಿ, ಪ್ರತಿ ಟೆಸ್ಟಿನ ಮೊದಲು ನಡೆಯುವ ಸೆಟಪ್‌ನಲ್ಲಿ ಅವನ್ನು ನಲ್ (ಖಾಲಿ) ಮಾಡಿ, ಟೆಸ್ಟಿನ ನಡುವೆ ಪಡೆದ ಮೆಮೊರಿಯನ್ನೂ ಅದರಲ್ಲೇ ಇಟ್ಟು, ಬಿಡುಗಡೆಯ ಕೆಲಸವನ್ನು ಪೂರ್ತಿಯಾಗಿ ಟೆಸ್ಟಿನ ನಂತರ ನಡೆಯುವ ಟಿಯರ್‌ಡೌನ್‌ಗೆ ಒಪ್ಪಿಸಿ. ಟೆಸ್ಟ್ ಸೋತರೂ ಟಿಯರ್‌ಡೌನ್ ನಡೆಯುತ್ತದೆ, ಮತ್ತು ನಲ್ ಪಾಯಿಂಟರನ್ನು ಫ್ರೀ ಮಾಡಿದರೆ ಏನೂ ಆಗುವುದಿಲ್ಲವೆಂದು ಸಿ ಸ್ಟ್ಯಾಂಡರ್ಡೇ ಹೇಳುತ್ತದೆ. ಆದರೆ ಟೆಸ್ಟಿನ ಒಳಗೇ ಏನನ್ನಾದರೂ ಫ್ರೀ ಮಾಡಿದ್ದರೆ ಆ ಪಾಯಿಂಟರನ್ನು ತಕ್ಷಣ ನಲ್ ಮಾಡಲು ಮರೆಯಬೇಡಿ, ಇಲ್ಲವಾದರೆ ಸೋರಿಕೆಯ ಬದಲು ಡಬಲ್ ಫ್ರೀ (ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವ ತಪ್ಪು) ಎದುರಾಗುತ್ತದೆ.

ಉತ್ತರ 2: ಪ್ರತಿ ಬಿಲ್ಡ್‌ಗೂ ಅಡ್ರೆಸ್ ಸ್ಯಾನಿಟೈಸರ್ (ಕಂಪೈಲರ್ ಕೋಡಿಗೆ ಸೇರಿಸುವ ಮೆಮೊರಿ ತಪಾಸಣೆ) ಸಾಕು, ಅದು ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ, ವ್ಯಾಲ್‌ಗ್ರೈಂಡ್ ಹತ್ತು ಪಟ್ಟಿಗೂ ಹೆಚ್ಚು ನಿಧಾನ. ಹಾಗೆಂದು ವ್ಯಾಲ್‌ಗ್ರೈಂಡನ್ನು ಕೈಬಿಡಬೇಡಿ, ಏಕೆಂದರೆ ಬೆಲೆ ಕೊಡದ ವೇರಿಯಬಲ್‌ಗಳ ಬಳಕೆಯನ್ನು ಅದು ಹಿಡಿಯುತ್ತದೆ, ಅಡ್ರೆಸ್ ಸ್ಯಾನಿಟೈಸರ್ ಹಿಡಿಯುವುದಿಲ್ಲ. ಎರಡನ್ನೂ ಒಂದೇ ಬೈನರಿಯ ಮೇಲೆ ಓಡಿಸಬೇಡಿ. ದೋಷ ಸಿಕ್ಕಾಗ ಸೋಲನ್ನು ಸೂಚಿಸುವ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡುವಂತೆ ವ್ಯಾಲ್‌ಗ್ರೈಂಡ್‌ಗೆ ನಾವೇ ಹೇಳಬೇಕು. ನಮ್ಮ ತಂಡ ಇದನ್ನು ಗಮನಿಸದೆ, ಸೋರಿಕೆಗಳಿದ್ದರೂ ಟೆಸ್ಟ್‌ಗಳು ಗೆದ್ದವೆನ್ನುವ ಹಸಿರು ಗುರುತನ್ನೇ ತಿಂಗಳುಗಟ್ಟಲೆ ನಂಬಿಕೊಂಡಿತ್ತು.

ಉತ್ತರ 3: ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ಮೆಮೊರಿ ಪಡೆಯುವ ಮ್ಯಾಲಕ್ ಫಂಕ್ಷನ್ ಸೋಲುವ ದಾರಿಗಳನ್ನು ಪರೀಕ್ಷಿಸದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ. ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್‌ನ ರ‍್ಯಾಪ್ ಆಯ್ಕೆಯಿಂದ ಮ್ಯಾಲಕ್ ಮತ್ತು ರಿಯಾಲಕ್ (ಪಡೆದ ಮೆಮೊರಿಯ ಗಾತ್ರ ಬದಲಿಸುವ ಫಂಕ್ಷನ್) ಕರೆಗಳನ್ನು ನಮ್ಮದೇ ಫಂಕ್ಷನ್‌ಗಳಿಗೆ ತಿರುಗಿಸಿ, ಮೊದಲು ಒಂದನೇ ಕರೆ, ಮತ್ತೆ ಎರಡನೆಯದು, ಆಮೇಲೆ ಮೂರನೆಯದು ಸೋಲುವಂತೆ, ಯಾವುದೂ ಸೋಲದೆ ಪೂರ್ತಿಯಾಗಿ ಮುಗಿಯುವವರೆಗೂ ಅದೇ ಟೆಸ್ಟನ್ನು ಲೂಪ್‌ನಲ್ಲಿ ಓಡಿಸುತ್ತೇನೆ. ಎಸ್‌ಕ್ಯೂಲೈಟ್ ಡೇಟಾಬೇಸಿನ ತಂಡವೂ ಇದೇ ಬಗೆಯ ಪರೀಕ್ಷೆ ನಡೆಸುತ್ತದೆ. ರಿಯಾಲಕ್‌ನ ಫಲವನ್ನು ಹಳೆಯ ಪಾಯಿಂಟರ್‌ಗೇ ನೇರವಾಗಿ ಕೊಟ್ಟಿದ್ದ ತಪ್ಪು ನನ್ನ ಕೋಡಿನಲ್ಲಿ ಸಿಕ್ಕಿದ್ದು ಹೀಗೆಯೇ: ರಿಯಾಲಕ್ ಸೋತಾಗ ಹಳೆಯ ಮೆಮೊರಿ ಹಾಗೆಯೇ ಉಳಿದಿರುತ್ತದೆ, ಅದರ ವಿಳಾಸ ಮಾತ್ರ ನಮ್ಮ ಕೈತಪ್ಪಿರುತ್ತದೆ. ಸ್ಟ್ರಿಂಗಿನ ಪ್ರತಿ ಮಾಡುವ ಸ್ಟ್ರ್‌ಡಪ್‌ನಂತಹ ಲೈಬ್ರರಿ ಫಂಕ್ಷನ್‌ಗಳು ಒಳಗೆ ಮಾಡುವ ಮ್ಯಾಲಕ್ ಕರೆಗಳು ಈ ರ‍್ಯಾಪ್‌ಗೆ ಸಿಗುವುದಿಲ್ಲವಾದ್ದರಿಂದ ಅವನ್ನು ಪ್ರತ್ಯೇಕವಾಗಿ ರ‍್ಯಾಪ್ ಮಾಡಿಕೊಳ್ಳಿ.