ಅನ್ನಸಂತರ್ಪಣೆಯ ದುಡ್ಡು ಚಪ್ಪರಕ್ಕೆ ಕೊಡಬಹುದಾ?

ಬದಿಯಡ್ಕದ ಹುಡುಗ:
ನಾನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಲಿಕ್ಕೆ ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್, ಅಂದರೆ ತರಬೇತಿ, ಮಾಡುತ್ತಿದ್ದೇನೆ. ಊರಿನ ದೇವಸ್ಥಾನದ ಬ್ರಹ್ಮಕಲಶದ ಉತ್ಸವ ಮುಗಿಯಿತು, ಲೆಕ್ಕ ಬರೆಯುವುದು ನನ್ನ ತಲೆಗೆ ಬಂತು. ಅನ್ನಸಂತರ್ಪಣೆ ಬಾಬ್ತು ಅಂತ ರಸೀದಿ ಕೊಟ್ಟು ತೆಗೆದುಕೊಂಡ ದುಡ್ಡಿನಲ್ಲಿ 62,000 ಉಳಿದಿದೆ, ಯಾಕೆಂದರೆ ಭಕ್ತರು ತಂದೊಪ್ಪಿಸಿದ ಹೊರೆಕಾಣಿಕೆಯಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ ರಾಶಿ ಬಿದ್ದಿತ್ತು. ಚಪ್ಪರದವನಿಗೆ ಮಾತ್ರ ಅಷ್ಟೇ ದುಡ್ಡು ಕೊಡಲು ಬಾಕಿ. ಸಮಿತಿಯವರು ಅಂಗಡಿಯಿಂದ ಖಾಲಿ ಬಿಲ್ ತಂದುಕೊಟ್ಟು, ಅಕ್ಕಿ ಅಂತ ಬರಿ ಎನ್ನುತ್ತಾರೆ. ಯಾರೂ ಒಂದು ರೂಪಾಯಿ ಮನೆಗೆ ಕೊಂಡುಹೋಗಿಲ್ಲ, ಅದು ಖಾತ್ರಿ. "ದೇವರ ದುಡ್ಡು ದೇವರಿಗೇ ಹೋಯಿತಲ್ಲ, ನಿನಗೆಂತ ತೊಂದರೆ?" ಎಂದರು. ಸುಮ್ನೆ ಬಂದೆ. ಆದರೆ ರಸೀದಿ ಪುಸ್ತಕದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರ 50 ರೂಪಾಯಿ ಉಂಟು. "ಊಟಕ್ಕೇ ಹಾಕಿ ಆಯ್ತಾ" ಅಂತ ಹೇಳಿ ಕೊಟ್ಟದ್ದು, ಬರೆದದ್ದು ನಾನೇ.

ಕುಂಬಳೆಯ ಹಳೆ ಗುಮಾಸ್ತ:
ತಮ್ಮಾ, ಚಪ್ಪರಕ್ಕೆ ಕೊಡುವುದು ಮಹಾಪಾಪ ಅಂತ ನಾನು ಹೇಳುವುದಿಲ್ಲ. ಅಕ್ಕಿ ಅಂತ ಬರೆಯುವುದುಂಟಲ್ಲ, ಅದು ಬೇಡ. ಅನ್ನಸಂತರ್ಪಣೆ ನಿಧಿಯಿಂದ ಸಾಮಾನ್ಯ ನಿಧಿಗೆ ಸಾಲ ಅಂತ ಲೆಕ್ಕದ ಪುಸ್ತಕದಲ್ಲಿ ಜರ್ನಲ್ ಎಂಟ್ರಿ ಹಾಕು, ನಿರ್ಣಯ ಪುಸ್ತಕದಲ್ಲಿ ಬರೆಸು, ಮಹಾಸಭೆಯಲ್ಲಿ ಓದಿಸು. ಬರುವ ಜಾತ್ರೆಗೆ ವಾಪಸು ಕಟ್ಟಲಿ. ಸಿಎ ಆದವನು ಗೊತ್ತಿದ್ದೂ ಮುಖ್ಯ ವಿಷಯ ಮುಚ್ಚಿಟ್ಟು ಲೆಕ್ಕಕ್ಕೆ ಸಹಿ ಹಾಕಿದರೆ 1949ರ ಸಿಎ ಕಾಯ್ದೆಯ ಪ್ರಕಾರ ಅದು ದುರ್ನಡತೆ. ನಾಳೆ ನೀನೂ ಸಹಿ ಹಾಕುವವನೇ. ನಿಮ್ಮ ಸಿಎ ಸಂಸ್ಥೆಯ ಲಾಂಛನದಲ್ಲಿ ಕಠೋಪನಿಷತ್ತಿನ ಮಾತು ಉಂಟು, ಎಲ್ಲರೂ ನಿದ್ದೆ ಮಾಡುವಾಗ ಎಚ್ಚರ ಇರುವವನು ಅಂತ. ಲೆಕ್ಕ ಬರೆಯುವವನಿಗೆ ನಿದ್ದೆ ಬಾರದ್ದೂ ಅದಕ್ಕೇ ಇರಬೇಕು.

ಉಪ್ಪಳದಿಂದ:
ನಾನು ಮಸೀದಿಯ ಲೆಕ್ಕ ಬರೆಯುವವನು. ನಮ್ಮಲ್ಲಿ ಝಕಾತಿಗೆ, ಅಂದರೆ ಕಡ್ಡಾಯ ದಾನಕ್ಕೆ, ಪುಸ್ತಕವೇ ಬೇರೆ. ಅದು ಯಾರಿಗೆ ಸಲ್ಲಬೇಕು ಅಂತ ಕುರ್‌ಆನಿನಲ್ಲೇ ಎಂಟು ಬಗೆ ಹೇಳಿದೆ, ಮೈಕ್ ಸೆಟ್ ಅದರಲ್ಲಿ ಇಲ್ಲ! ಕುರ್‌ಆನಿನ ಅತಿ ಉದ್ದದ ಆಯತ್ತು (ವಚನ) ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಲಿ ಅಂತಲೂ ಅದರಲ್ಲಿ ಉಂಟು. ಗುಮಾಸ್ತರು ಹೇಳಿದ ಹಾಗೆ ಸಾಲ ಅಂತಲೇ ತೋರಿಸಿ.

ಪೆರ್ಲದವ:
ಇಷ್ಟಕ್ಕೆಲ್ಲ ಎಂತ ಗಲಾಟೆ ಮಾರಾಯ? ಚಪ್ಪರ ಇಲ್ಲದೆ ಬಿಸಿಲಿನಲ್ಲಿ ಕೂತು ಉಣ್ಣುವುದಾ? ಊಟದ ಚಪ್ಪರ ಊಟದ ಖರ್ಚೇ ಅಲ್ವಾ?

ಬದಿಯಡ್ಕದ ಹುಡುಗ:
ಪೆರ್ಲದವರು ತಮಾಷೆಗೆ ಹೇಳಿದರೋ ಏನೋ, ಚಪ್ಪರದವನ ಬಿಲ್ ತೆಗೆದು ನೋಡಿದೆ. ಊಟದ ಚಪ್ಪರ 24,000 ಅಂತ ಬೇರೆಯೇ ಬರೆದಿದ್ದ, ಉಳಿದದ್ದು ಸಭಾ ವೇದಿಕೆ ಮತ್ತು ದ್ವಾರದ್ದು. 24,000 ಅನ್ನಸಂತರ್ಪಣೆಗೆ ಹಾಕಿದೆ, 38,000 ಸಾಲ ಅಂತ ತೋರಿಸಿದೆ. ಅಧ್ಯಕ್ಷರು ನಿರ್ಣಯಕ್ಕೆ ಸಹಿ ಹಾಕಿದರು, ಮುಖ ಮಾತ್ರ ಊದಿತ್ತು. ಖಾಲಿ ಬಿಲ್ ಇನ್ನೂ ನನ್ನ ಬ್ಯಾಗಿನಲ್ಲೇ ಉಂಟು, ನಾಳೆ ಅಂಗಡಿಗೆ ವಾಪಸು ಕೊಟ್ಟು ಬರಬೇಕು.