ಹಳೆಯ ಮೈನಿಂಗ್ ರಿಗ್ ಈಗ ಮನೆಯ ಸರ್ವರ್: ಕರೆಂಟ್ ಹೋಗಿ ಬಂದರೆ ಎಮರ್ಜೆನ್ಸಿ ಮೋಡ್, ರಾತ್ರಿ ಮೈನಿಂಗ್ ನಡುವೆ ಕಾರ್ಡ್ ಕಾಣೆ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 2021ರಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್‌ಗಾಗಿ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸಲು) ಆರು ಗ್ರಾಫಿಕ್ಸ್ ಕಾರ್ಡುಗಳ ರಿಗ್ ಒಂದನ್ನು ಕಟ್ಟಿದ್ದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ, ಇಂಥ ಲೆಕ್ಕ ಬೇಡದ ಪ್ರೂಫ್ ಆಫ್ ಸ್ಟೇಕ್ ಪದ್ಧತಿಗೆ ಬದಲಾಗಿ ಮೈನಿಂಗ್ ನಿಂತುಹೋದ ಮೇಲೆ ನಾಲ್ಕು ಕಾರ್ಡುಗಳನ್ನು ಮಾರಿದೆ. ಎನ್‌ವಿಡಿಯಾ ಜಿಟಿಎಕ್ಸ್ 1660 ಸೂಪರ್ ಎರಡು ಉಳಿದಿವೆ. ಅದೇ ಯಂತ್ರಕ್ಕೆ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಹಾಕಿ, 4 ಟಿಬಿಯ ಹಾರ್ಡ್ ಡಿಸ್ಕ್ ಸೇರಿಸಿ ಮನೆಯ ಸರ್ವರ್ ಮಾಡಿಕೊಂಡಿದ್ದೇನೆ. ಮನೆಯವರೆಲ್ಲರ ಫೋಟೊಗಳು, ತೋಟದ ಲೆಕ್ಕಪತ್ರ, ತಂದೆಯವರು ಸ್ಕ್ಯಾನ್ ಮಾಡಿಸಿಟ್ಟ ಜಮೀನಿನ ದಾಖಲೆಗಳು ಅದರಲ್ಲಿವೆ. ರಾತ್ರಿ ಹೊತ್ತು ಎರಡು ಕಾರ್ಡುಗಳಲ್ಲಿ ರೇವನ್‌ಕಾಯಿನ್ ಎಂಬ ಇನ್ನೊಂದು ನಾಣ್ಯದ ಮೈನಿಂಗ್ ನಡೆಯುತ್ತದೆ.

ನನಗಿರುವ ತೊಂದರೆಗಳು ಎರಡು. ಮಳೆಗಾಲದಲ್ಲಿ ನಮ್ಮಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಕ್ಕೆ ಮೂರು ನಾಲ್ಕು ಬಾರಿ ಕರೆಂಟ್ ಹೋಗುತ್ತದೆ. ಕರೆಂಟ್ ಬಂದ ಮೇಲೆ ಯಂತ್ರ ತಾನೇ ಆನ್ ಆಗುತ್ತದೆ, ಆದರೆ ಕೆಲವೊಮ್ಮೆ ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರಿನಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋಗಲು ಆಗುವುದಿಲ್ಲ. ಮಾನಿಟರ್ ಜೋಡಿಸಿ ನೋಡಿದರೆ ಎಮರ್ಜೆನ್ಸಿ ಮೋಡ್ ಎಂದೂ, ರೂಟ್ ಎಂಬ ಮುಖ್ಯ ಆಡಳಿತ ಖಾತೆಗೆ ಬೀಗ ಹಾಕಿರುವುದರಿಂದ ಕನ್ಸೋಲ್ ತೆರೆಯಲಾಗದು ಎಂದೂ ಬಂದಿರುತ್ತದೆ. ಎಂಟರ್ ಒತ್ತಿದರೂ ಅದೇ ಸಾಲು ಮತ್ತೆ ಬರುತ್ತದೆ. ಎರಡನೆಯದು, ಮೈನಿಂಗ್ ಶುರುವಾಗಿ ಮೂರು ನಾಲ್ಕು ಗಂಟೆಗಳಾದ ಮೇಲೆ ಒಂದು ಕಾರ್ಡ್ ಕಾಣೆಯಾಗುತ್ತದೆ. ಅಂಥ ದಿನ ಬೆಳಿಗ್ಗೆ ಫೋಟೊಗಳ ಫೋಲ್ಡರ್ ತೆರೆದರೂ ಇನ್‌ಪುಟ್ ಔಟ್‌ಪುಟ್ ಎರರ್ ಎನ್ನುತ್ತದೆ.

ಡ್ರೈವರನ್ನು ಎರಡು ಬಾರಿ, ಇಡೀ ಡೆಬಿಯನ್ನನ್ನು ಒಂದು ಬಾರಿ ಮರುಸ್ಥಾಪಿಸಿದ್ದಾಯಿತು. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕನ್ನು ಎಸ್‌ಡಿಬಿ1 ಎಂದು ಬರೆದಿದ್ದೇನೆ. ಇದೇ ರಿಗ್, ಇದೇ ಕೇಬಲ್‌ಗಳು ಇಥೀರಿಯಂ ಕಾಲದಲ್ಲಿ ಒಂದೂವರೆ ವರ್ಷ ನಿಲ್ಲದೆ ಓಡಿದ್ದವು. ಹಾರ್ಡ್ ಡಿಸ್ಕ್ ಕೆಟ್ಟಿದೆಯೇ, ಅಥವಾ ಬೇರೆ ಲಿನಕ್ಸ್‌ಗೆ ಹೋಗುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ಹೇಳಿ.

ಕೀಲಿಮಣೆ

ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗ ಅದಕ್ಕೆ ಹೊಂದುವ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಎನ್‌ವಿಡಿಯಾ ಮಾಡ್ಯೂಲ್, ಅಂದರೆ ಕಾರ್ಡಿನ ಡ್ರೈವರ್, ಕಟ್ಟಿಕೊಳ್ಳುವುದಿಲ್ಲ. ನನ್ನ ಯಂತ್ರದಲ್ಲಿ ಕಾರ್ಡ್ ಕಾಣೆಯಾಗಿದ್ದುದು ಅದೇ ಕಾರಣಕ್ಕೆ. ಡಿಕೆಎಂಎಸ್ ಸ್ಟೇಟಸ್ ಆಜ್ಞೆ ಕೊಟ್ಟು, ಈಗಿನ ಕರ್ನಲ್ ಹೆಸರಿನ ಮುಂದೆ ಇನ್‌ಸ್ಟಾಲ್ಡ್ ಎಂದು ಇದೆಯೇ ನೋಡಿ.

ಕರಿಪರದೆ

ಕೀಲಿಮಣೆ ಅವರು ಹೇಳಿದ್ದನ್ನು ಒಮ್ಮೆ ನೋಡಿಬಿಡಿ, ಅರ್ಧ ನಿಮಿಷದ ಕೆಲಸ. ಆದರೆ ಮಾಡ್ಯೂಲ್ ಇಲ್ಲದಿದ್ದರೆ ಯಂತ್ರ ಆನ್ ಆದ ಕ್ಷಣದಿಂದಲೇ ಎರಡೂ ಕಾರ್ಡುಗಳು ಸಿಗಬಾರದಿತ್ತು. ನಿಮ್ಮಲ್ಲಿ ಮೂರು ಗಂಟೆ ಓಡಿ, ಆಮೇಲೆ ಒಂದೇ ಒಂದು ಕಾರ್ಡ್ ಹೋಗುತ್ತಿದೆ. ಜೊತೆಗೆ ಡಿಸ್ಕೂ ಹೋಗುತ್ತಿದೆ. ಆದ್ದರಿಂದ ಇವೆರಡು ಬೇರೆ ಬೇರೆ ತೊಂದರೆಗಳು ಎಂದು ಈಗಲೇ ತೀರ್ಮಾನಿಸಬೇಡಿ, ಮತ್ತು ದಯವಿಟ್ಟು ಇನ್ನೊಮ್ಮೆ ಮರುಸ್ಥಾಪನೆ ಮಾಡಬೇಡಿ. ಮರುಸ್ಥಾಪಿಸಿದಾಗ ರಾತ್ರಿ ಏನಾಯಿತು ಎಂಬುದರ ದಾಖಲೆಯೇ ಅಳಿಸಿಹೋಗುತ್ತದೆ, ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಹಳೆಯ ಲೇಖನಗಳು ಸಿಸ್‌ಲಾಗ್ ಕಡತ ನೋಡಿ ಎನ್ನುತ್ತವೆ. ಡೆಬಿಯನ್ 12ರಲ್ಲಿ ಅದು ತಾನಾಗಿ ಇರುವುದಿಲ್ಲ. ಎಲ್ಲವೂ ಸಿಸ್ಟಮ್‌ಡಿ ಜರ್ನಲ್‌ನಲ್ಲಿರುತ್ತದೆ, ಮತ್ತು ಅದು ಡಿಸ್ಕಿನಲ್ಲೇ ಉಳಿಯುವುದರಿಂದ ಹಿಂದಿನ ಬೂಟ್‌ನ ಮಾತನ್ನೂ ಕೇಳಬಹುದು. ಮುಂದಿನ ಬಾರಿ ಹೀಗಾದಾಗ, ರೀಬೂಟ್ ಮಾಡಿದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದು ಕೊಡಿ. ‘-ಕೆ’ ಎಂದರೆ ಕರ್ನಲ್ ಸಂದೇಶಗಳು ಮಾತ್ರ, ‘-ಬಿ -1’ ಎಂದರೆ ಹಿಂದಿನ ಬೂಟ್. ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಈ ಆಜ್ಞೆಗಳೆಲ್ಲವೂ ಇಂಗ್ಲಿಷಿನ ಸಣ್ಣಕ್ಷರಗಳು. ಅದರಲ್ಲಿ ಎಕ್ಸ್‌ಐಡಿ (ಎನ್‌ವಿಡಿಯಾ ಡ್ರೈವರಿನ ದೋಷ ಸಂಕೇತ) ಎಂಬ ಪದವಿರುವ ಸಾಲು ಮತ್ತು ಎಟಿಎ (ಡಿಸ್ಕಿನ ಸಂಪರ್ಕ) ಎಂದು ಆರಂಭವಾಗುವ ಸಾಲುಗಳು ಯಾವ ಯಾವ ಸಮಯದಲ್ಲಿ ಬಂದಿವೆ ಎಂಬುದನ್ನು ಇಲ್ಲಿ ಹಾಕಿ. ಹಾಗೆಯೇ ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಹಾರ್ಡ್ ಡಿಸ್ಕಿನ 5, 192, 199ನೇ ಗುಣಾಂಕಗಳನ್ನು ತಿಳಿಸಿ.

ಇನ್ನು ಬೀಗದ ವಿಷಯ. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ರೂಟ್ ಖಾತೆ ಮುಚ್ಚಿಕೊಂಡು, ನಿಮ್ಮ ಖಾತೆಗೆ ಸುಡೊ, ಅಂದರೆ ಆಡಳಿತದ ಅಧಿಕಾರ, ಸಿಗುತ್ತದೆ. ದಿನನಿತ್ಯಕ್ಕೆ ಅದು ಒಳ್ಳೆಯ ಪದ್ಧತಿ. ಎಮರ್ಜೆನ್ಸಿ ಮೋಡ್ ಮಾತ್ರ ರೂಟ್ ಪಾಸ್‌ವರ್ಡನ್ನೇ ಕೇಳುವುದರಿಂದ ಬಾಗಿಲು ಮುಚ್ಚಿದಂತಾಗುತ್ತದೆ. ಯಂತ್ರ ಏಳುವಾಗ ಗ್ರಬ್ ಮೆನು (ಬೂಟ್ ಆಯ್ಕೆಗಳ ಪಟ್ಟಿ) ಬಂದಾಗ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ, ಕಂಟ್ರೋಲ್ ಎಕ್ಸ್ ಒತ್ತಿ. ಶೆಲ್ ಬಂದ ಕೂಡಲೇ ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /’ ಎಂದು ಕೊಟ್ಟರೆ ಕಡತಗಳನ್ನು ತಿದ್ದಲು ಬರುತ್ತದೆ. ಆಗ ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಸಾಲಿನ ಮೊದಲಿಗೆ ಹ್ಯಾಶ್ (#) ಗುರುತು ಹಾಕಿ, ‘ಸಿಂಕ್’ ಕೊಟ್ಟು, ‘ರೀಬೂಟ್ -ಎಫ್’ ಮಾಡಿ. ಯಂತ್ರ ಡಿಸ್ಕಿಗೆ ಕಾಯದೆ ಮೇಲೆ ಬರುತ್ತದೆ.

ತುಂಗಾತೀರ

ಬಹಳ ಧನ್ಯವಾದಗಳು. ಡಿಕೆಎಂಎಸ್ ಸರಿಯಾಗಿಯೇ ಇದೆ. ನಿನ್ನೆ ರಾತ್ರಿ ಮತ್ತೆ ಹಾಗೇ ಆಯಿತು. ಜರ್ನಲ್‌ನಲ್ಲಿ 02:14:07ಕ್ಕೆ ಎಟಿಎ3, ಸಾಟಾ ಲಿಂಕ್ ಡೌನ್ ಎಂದಿದೆ. ಎರಡು ಸೆಕೆಂಡ್ ಬಿಟ್ಟು 02:14:09ಕ್ಕೆ ಎಕ್ಸ್‌ಐಡಿ 79, ಕಾರ್ಡ್ ಬಸ್‌ನಿಂದ ಕಳಚಿದೆ ಎಂಬ ಸಾಲಿದೆ. ಆ ಹೊತ್ತಿಗೆ ಕರೆಂಟ್ ಹೋಗಿರಲಿಲ್ಲ. ರೀಬೂಟ್‌ಗೆ ಮುಂಚೆ ಜೋಡಿಸಿರುವ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕೊಟ್ಟಾಗ ಆ ಕಾರ್ಡಿನ ಮುಂದೆ ರೆವ್ ಎಫ್‌ಎಫ್ ಎಂದು ತೋರಿಸುತ್ತಿತ್ತು. ಡಿಸ್ಕಿನ 5ನೇ ಗುಣಾಂಕ 0, 199 ಕೂಡ 0, ಆದರೆ 192ನೇದು 61 ಇದೆ. ಮೊನ್ನೆ ಅದು 60 ಇದ್ದುದು ನನಗೆ ಖಚಿತವಾಗಿ ನೆನಪಿದೆ.

ಕರಿಪರದೆ

ಇಷ್ಟು ಸ್ಪಷ್ಟವಾದ ದಾಖಲೆ ಸಿಗುವುದು ಅಪರೂಪ. 5ನೇದು ಸೊನ್ನೆ ಎಂದರೆ ಡಿಸ್ಕಿನ ತಟ್ಟೆಯಲ್ಲಿ ಹಾಳಾಗಿ ಬದಲಿಸಿದ ಸೆಕ್ಟರ್‌ಗಳಿಲ್ಲ. 199 ಸೊನ್ನೆ ಎಂದರೆ ಡೇಟಾ ಕೇಬಲ್‌ನಲ್ಲಿ ದೋಷವಿಲ್ಲ. 192 ಏರುವುದು, ಡಿಸ್ಕಿಗೆ ವಿದ್ಯುತ್ ಹಠಾತ್ತನೆ ನಿಂತು ಅದರ ಹೆಡ್ ಗಡಿಬಿಡಿಯಲ್ಲಿ ಹಿಂದಕ್ಕೆ ಸರಿದಾಗ. ಮನೆಯಲ್ಲಿ ಕರೆಂಟ್ ಇದ್ದು, ಯಂತ್ರವೂ ಓಡುತ್ತಿದ್ದು, ಡಿಸ್ಕಿಗೆ ಮಾತ್ರ ವಿದ್ಯುತ್ ತಪ್ಪಿದೆ. ಎರಡು ಸೆಕೆಂಡಿನಲ್ಲಿ ಕಾರ್ಡ್ ಕೂಡ ಹೋಗಿದೆ. ನಿಮ್ಮ ತೊಂದರೆ ಸಾಫ್ಟ್‌ವೇರಿನದ್ದಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಒಂದು ಪ್ರಶ್ನೆ: ಆ ಕಾರ್ಡಿನ ರೈಸರ್‌ಗೆ (ಕಾರ್ಡನ್ನು ಮದರ್‌ಬೋರ್ಡಿನಿಂದ ದೂರವಿಟ್ಟು ಜೋಡಿಸುವ ಹಲಗೆಗೆ) ವಿದ್ಯುತ್ ಎಲ್ಲಿಂದ ಕೊಟ್ಟಿದ್ದೀರಿ? ರೈಸರ್ ಪೆಟ್ಟಿಗೆಯಲ್ಲಿ ಬರುವ, ಒಂದು ಕಡೆ ಆರು ಪಿನ್, ಇನ್ನೊಂದು ಕಡೆ ಸಾಟಾ ಇರುವ ಅಡಾಪ್ಟರ್ ಕೇಬಲ್ ಬಳಸಿ, ಹಾರ್ಡ್ ಡಿಸ್ಕಿಗೆ ಹೋಗುವ ಅದೇ ಸಾಟಾ ಸರಪಳಿಯಿಂದ ಎಳೆದಿದ್ದರೆ ನಮ್ಮ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಪಿಸಿಐಇ ಸ್ಲಾಟ್ ಮೂಲಕ ಕಾರ್ಡ್ 12 ವೋಲ್ಟ್ ಲೈನಿನಲ್ಲಿ 66 ವ್ಯಾಟ್ ತನಕ ಎಳೆಯಲು ನಿಯಮದಲ್ಲಿ ಅವಕಾಶವಿದೆ. ಸಾಟಾ ಪವರ್ ಕನೆಕ್ಟರಿನ 12 ವೋಲ್ಟ್ ಪಿನ್‌ಗಳು ಮೂರು, ಪ್ರತಿಯೊಂದಕ್ಕೂ 1.5 ಆಂಪಿಯರ್, ಒಟ್ಟು 54 ವ್ಯಾಟ್‌ಗೆ ಅದರ ಮಿತಿ ಮುಗಿಯಿತು. ಅದರ ಮೇಲೆ, 3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಆರಂಭಿಸುವಾಗ ಸುಮಾರು 2 ಆಂಪಿಯರ್ ಕೇಳುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಏಳುವಾಗ, ಸಡಿಲಗೊಂಡ ಕನೆಕ್ಟರಿನಲ್ಲಿ ವೋಲ್ಟೇಜ್ ಕುಸಿದರೆ ಡಿಸ್ಕ್ ಪತ್ತೆಯಾಗದೆ ಉಳಿದು, ಎಫ್‌ಎಸ್‌ಟ್ಯಾಬ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಎಲ್ಲ ಬಾರಿಯೂ ಆಗದೆ ಕೆಲವೊಮ್ಮೆ ಮಾತ್ರ ಆಗುವುದಕ್ಕೂ ಇದು ಹೊಂದುತ್ತದೆ.

ಇಥೀರಿಯಂ ಕಾಲದಲ್ಲಿ ಏಕೆ ಓಡಿತು ಎಂಬುದಕ್ಕೂ ಉತ್ತರವಿದೆ. ಆಗ ಈ ಹಾರ್ಡ್ ಡಿಸ್ಕ್ ಇರಲಿಲ್ಲ. ಅಲ್ಲದೆ ಇಥೀರಿಯಂನ ಇಥ್‌ಹ್ಯಾಶ್ ಮೆಮೊರಿಯನ್ನು ದುಡಿಸುತ್ತಿತ್ತೇ ಹೊರತು ಕಾರ್ಡಿನ ಕೋರ್‌ಗೆ ಹೆಚ್ಚು ಕೆಲಸ ಕೊಡುತ್ತಿರಲಿಲ್ಲ, ಹಾಗಾಗಿ ಪವರ್ ತಗ್ಗಿಸಿ ಓಡಿಸಬಹುದಿತ್ತು. ರೇವನ್‌ಕಾಯಿನ್‌ನ ಕಾವ್‌ಪೌ ಕೋರನ್ನೂ ಹಿಂಡುತ್ತದೆ. ಮಿತಿ ಹಾಕದಿದ್ದರೆ 1660 ಸೂಪರ್ ತನ್ನ ಪೂರ್ಣ 125 ವ್ಯಾಟ್‌ನತ್ತ ಹೋಗುತ್ತದೆ. ನೀವು ಡೆಬಿಯನ್ ಹೊಸದಾಗಿ ಹಾಕಿದಾಗ ಹಳೆಯ ಪವರ್ ಮಿತಿ ಉಳಿದಿರಲಾರದು, ಒಮ್ಮೆ ನೋಡಿ.

ಯಂತ್ರವನ್ನು ಪ್ಲಗ್‌ನಿಂದಲೇ ಕಿತ್ತು, ಆ ಕನೆಕ್ಟರನ್ನು ಬಿಚ್ಚಿ ಬೆಳಕಿನಲ್ಲಿ ನೋಡಿ. ಅಲ್ಲಿಯವರೆಗೆ ಮೈನಿಂಗ್ ಶುರು ಮಾಡಬೇಡಿ. ಇಂಥ ಕನೆಕ್ಟರ್‌ಗಳು ಕರಗಿ ಬೆಂಕಿ ಹಿಡಿಯುವುದುಂಟು, ಅದೂ ರಾತ್ರಿ ಮನೆಯವರೆಲ್ಲ ಮಲಗಿರುವಾಗ.

ತುಂಗಾತೀರ

ನೀವು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂದೇ ಕೇಬಲ್‌ನಲ್ಲಿ ಮೊದಲು ಹಾರ್ಡ್ ಡಿಸ್ಕ್, ಅದರ ಮುಂದೆ ರೈಸರ್‌ನ ಅಡಾಪ್ಟರ್. ಅಡಾಪ್ಟರ್ ಎಳೆದಾಗ ಸುಲಭವಾಗಿ ಬರಲಿಲ್ಲ. ಬಂದಾಗ ಕರಿದ ಎಣ್ಣೆಯ ಕಮಟಿನಂಥ ವಾಸನೆ ಬಂತು. ಬಿಳಿ ಪ್ಲಾಸ್ಟಿಕ್ ಒಂದು ತುದಿಯಲ್ಲಿ, ಹಳದಿ ತಂತಿ ಸೇರುವ ಕಡೆ, ಚಹಾದ ಬಣ್ಣಕ್ಕೆ ತಿರುಗಿತ್ತು. ಅಲ್ಲಿನ ಪಿನ್‌ಗಳ ನಡುವಿನ ಗೋಡೆ ಮೆತ್ತಗಾಗಿ ಒಂದು ಬದಿಗೆ ವಾಲಿತ್ತು. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಪವರ್ ಮಿತಿಯೂ ಹೋಗಿತ್ತು, ಎನ್‌ವಿಡಿಯಾ-ಎಸ್‌ಎಂಐ 125 ವ್ಯಾಟ್ ಎಂದೇ ತೋರಿಸಿತು. ನಾಲ್ಕು ಕಾರ್ಡು ಮಾರಿದ್ದರಿಂದ ಎಸ್‌ಎಂಪಿಎಸ್‌ನಲ್ಲಿ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಪಿಸಿಐಇ ಕೇಬಲ್‌ಗಳು ಖಾಲಿ ಇವೆ. ಅವನ್ನು ನೇರವಾಗಿ ರೈಸರ್‌ಗೆ ಹಾಕಬಹುದೇ?

ಕರಿಪರದೆ

ಖಂಡಿತ ಹಾಕಿ. ರೈಸರ್ ಹಲಗೆಯಲ್ಲಿ ಆರು ಪಿನ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್ ಜೊತೆ ಬಂದ ಪಿಸಿಐಇ ಕೇಬಲ್‌ನ ಆರು ಪಿನ್ ನೇರವಾಗಿ ಕೂರುತ್ತದೆ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಮಾತ್ರ ಬಳಸಬೇಡಿ, ಪಿನ್‌ಗಳ ಕ್ರಮ ಬೇರೆ ಇರಬಹುದು. ಸುಟ್ಟ ಅಡಾಪ್ಟರನ್ನೂ ಆ ಸಾಟಾ ಕೇಬಲನ್ನೂ ಎಸೆದುಬಿಡಿ, ಡಿಸ್ಕಿಗೆ ಬೇರೆಯೇ ಒಂದು ಸಾಟಾ ಸಾಲು ಕೊಡಿ.

ಪವರ್ ಮಿತಿಗೆ ‘ಎನ್‌ವಿಡಿಯಾ-ಎಸ್‌ಎಂಐ -ಪಿಎಂ 1’, ಆಮೇಲೆ ‘ಎನ್‌ವಿಡಿಯಾ-ಎಸ್‌ಎಂಐ -ಪಿಎಲ್ 85’. ಇದು ರೀಬೂಟ್‌ಗೆ ಅಳಿಸಿಹೋಗುವುದರಿಂದ ಎರಡೂ ಸಾಲುಗಳನ್ನು ಒನ್‌ಶಾಟ್ ಬಗೆಯ ಒಂದು ಸಿಸ್ಟಮ್‌ಡಿ ಸರ್ವಿಸ್‌ನಲ್ಲಿ ಬರೆದು, ಮೈನರ್ ಸರ್ವಿಸ್ ಅದರ ನಂತರವೇ ಏಳುವಂತೆ ಆಫ್ಟರ್ ಮತ್ತು ರಿಕ್ವೈರ್ಸ್ ಎರಡನ್ನೂ ಹಾಕಿ. ಮಿತಿ ಹಾಕುವುದು ವಿಫಲವಾದರೆ ಮೈನಿಂಗ್ ಶುರುವಾಗಲೇಬಾರದು.

ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಬದಲು ‘ಬಿಎಲ್‌ಕೆಐಡಿ’ ತೋರಿಸುವ ಯುಯುಐಡಿ (ಬದಲಾಗದ ಗುರುತು ಸಂಖ್ಯೆ) ಬರೆಯಿರಿ, ಏಕೆಂದರೆ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪತ್ತೆಯಾದ ಕ್ರಮದಲ್ಲಿ ಸಿಗುವಂಥವು, ಅದಲುಬದಲಾಗಬಹುದು. ಆಯ್ಕೆಗಳಲ್ಲಿ ‘ನೋಫೇಲ್’ ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=15ಎಸ್’ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಯಂತ್ರ ಮೇಲೆ ಬಂದು ಎಸ್‌ಎಸ್‌ಎಚ್ ಸಿಗುತ್ತದೆ. ತಿದ್ದಿದ ಮೇಲೆ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟು ತಪ್ಪಿಲ್ಲವೆಂದು ನೋಡದೆ ರೀಬೂಟ್ ಮಾಡಬೇಡಿ.

ನೋಫೇಲ್ ಹಾಕಿ ಅಷ್ಟಕ್ಕೇ ಬಿಡುವವರು ಇನ್ನೊಂದು ಹೊಂಡಕ್ಕೆ ಬೀಳುತ್ತಾರೆ. ಡಿಸ್ಕ್ ಮೌಂಟ್ ಆಗದಿದ್ದಾಗ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗದಿದ್ದಾಗ, ಆ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತದೆ. ಫೋಟೊ ಸರ್ವಿಸ್ ಅದನ್ನೇ ಡಿಸ್ಕ್ ಎಂದುಕೊಂಡು, ಮೊಬೈಲ್‌ಗಳಿಂದ ಬಂದ ಫೋಟೊಗಳನ್ನೆಲ್ಲ ಡೆಬಿಯನ್ ಇರುವ ಚಿಕ್ಕ ಎಸ್‌ಎಸ್‌ಡಿಗೆ ಸುರಿಯುತ್ತದೆ. ಮುಂದೆ ಡಿಸ್ಕ್ ಮೌಂಟ್ ಆದಾಗ ಆ ಫೋಟೊಗಳು ಅದರ ಅಡಿಯಲ್ಲಿ ಮರೆಯಾಗುತ್ತವೆ, ಕಳೆದೇಹೋದವು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಇದನ್ನು ತಡೆಯಲು ಆ ಸರ್ವಿಸ್‌ಗೆ, ಡಾಕರ್‌ನಲ್ಲಿ (ಸರ್ವಿಸ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಸಾಫ್ಟ್‌ವೇರ್) ಓಡಿಸುತ್ತಿದ್ದರೆ ಡಾಕರ್ ಸರ್ವಿಸ್‌ಗೆ, ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ (ಇಂಗ್ಲಿಷಿನಲ್ಲಿ RequiresMountsFor) ಸಾಲನ್ನು ಸೇರಿಸಿ. ಜೊತೆಗೆ ಡಿಸ್ಕ್ ಅನ್‌ಮೌಂಟ್ ಆಗಿರುವಾಗ ಖಾಲಿ ಫೋಲ್ಡರಿಗೆ ‘ಸಿಎಚ್‌ಆ್ಯಟ್ಟರ್ +ಐ’ ಕೊಟ್ಟುಬಿಟ್ಟರೆ ಅದರೊಳಗೆ ಯಾರೂ ಏನನ್ನೂ ಬರೆಯಲಾಗದು. ನಾನು ಎರಡನ್ನೂ ಮಾಡುತ್ತೇನೆ.

ಸಾಗರದ ವೈರ್‌ಮನ್

ಯುಪಿಎಸ್ ವಿಷಯ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಮೈನಿಂಗ್ ಇಲ್ಲದೆ ಇಂಥ ಯಂತ್ರ ಎಳೆಯುವುದು 60-70 ವ್ಯಾಟ್, ಅಂದರೆ ಒಂದು ಫ್ಯಾನಿನಷ್ಟು. ಮನೆಯ ಇನ್ವರ್ಟರ್ ಅದನ್ನು ಆರಾಮವಾಗಿ ಹೊರುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿರಲಿ, ಮತ್ತು ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಯಂತ್ರ ರೀಸೆಟ್ ಆಗಬಹುದು. ಸಾಮಾನ್ಯ ಇನ್ವರ್ಟರ್‌ಗೆ ಯುಎಸ್‌ಬಿ ಇರುವುದಿಲ್ಲ, ಕರೆಂಟ್ ಹೋಯಿತೆಂದು ಅದು ಸರ್ವರ್‌ಗೆ ಹೇಳಲಾರದು. ಅದಕ್ಕೆ ನಾನು ಮಾಡಿಕೊಡುವ ಉಪಾಯವೆಂದರೆ, ಇನ್ವರ್ಟರ್ ಲೈನಿಲ್ಲದ ಸಾಕೆಟ್‌ಗೆ ಹಳೆಯ ವೈಫೈ ರೌಟರ್ ಒಂದನ್ನು ಹಾಕಿ, ಅದಕ್ಕೆ ಸ್ಥಿರ ಐಪಿ ಕೊಟ್ಟು, ಸರ್ವರ್‌ನಿಂದ ನಿಮಿಷಕ್ಕೊಮ್ಮೆ ಪಿಂಗ್ ಮಾಡಿಸುವುದು. ಎರಡು ಪಿಂಗ್ ತಪ್ಪಿದರೆ ಮೈನರ್ ನಿಲ್ಲಲಿ, ಇಪ್ಪತ್ತು ತಪ್ಪಿದರೆ ಸಿಸ್ಟಮ್‌ಸಿಟಿಎಲ್ ಪವರ್‌ಆಫ್ ಆಗಲಿ. ಹೀಗೆ ಆಫ್ ಆದ ಯಂತ್ರಕ್ಕೆ ಇನ್ವರ್ಟರ್ ಕರೆಂಟ್ ಕೊಡುತ್ತಲೇ ಇರುವುದರಿಂದ, ಬಯೋಸ್‌ನಲ್ಲಿ ಕರೆಂಟ್ ಬಂದಾಗ ಆನ್ ಆಗು ಎಂದಿದ್ದರೂ ಅದು ಏಳುವುದಿಲ್ಲ. ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಯಂತ್ರ ಆನ್ ಮಾಡುವ ಸೌಲಭ್ಯ) ಇಟ್ಟುಕೊಂಡು ಮೊಬೈಲ್‌ನಿಂದ ಎಬ್ಬಿಸಬೇಕು.

ಇನ್ನೊಂದು ಲೆಕ್ಕ. ಎರಡು ಕಾರ್ಡಿಗೆ 170 ವ್ಯಾಟ್, ರಾತ್ರಿ ಹತ್ತು ಗಂಟೆ ಓಡಿದರೆ ತಿಂಗಳಿಗೆ 51 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೂ 357 ರೂಪಾಯಿ. ಕ್ರಿಪ್ಟೊ ಮಾರಿದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ 30ರಷ್ಟು ತೆರಿಗೆ ಬಂದಿದೆ, ಈ ಕರೆಂಟ್ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ನೀವು ಕೇಳದಿದ್ದರೂ, ಬಿಲ್ಲು ನೋಡುವವನಾಗಿ ಹೇಳಿದೆ.

ತುಂಗಾತೀರ

ಎಲ್ಲರೂ ಹೇಳಿದ್ದನ್ನು ಮಾಡಿ ಇವತ್ತಿಗೆ ಹನ್ನೊಂದು ದಿನ. ಈ ನಡುವೆ ಕರೆಂಟ್ ಲೆಕ್ಕವಿಲ್ಲದಷ್ಟು ಬಾರಿ ಹೋಗಿದೆ. ಎಮರ್ಜೆನ್ಸಿ ಮೋಡ್ ಒಮ್ಮೆಯೂ ಬಂದಿಲ್ಲ. ಡಿಸ್ಕಿನ 192ನೇ ಗುಣಾಂಕ 61ರಲ್ಲೇ ನಿಂತಿದೆ. ಪರೀಕ್ಷೆಗೆಂದು ಡಿಸ್ಕಿನ ಕೇಬಲ್ ತೆಗೆದು ಒಮ್ಮೆ ಬೂಟ್ ಮಾಡಿದೆ: ಯಂತ್ರ ಮೇಲೆ ಬಂತು, ಎಸ್‌ಎಸ್‌ಎಚ್ ಸಿಕ್ಕಿತು, ಡಾಕರ್ ಮಾತ್ರ ಏಳಲು ನಿರಾಕರಿಸಿತು, ಖಾಲಿ ಫೋಲ್ಡರಿನಲ್ಲಿ ಒಂದು ಕಡತವನ್ನೂ ರಚಿಸಲು ಆಗಲಿಲ್ಲ.

ಮೈನಿಂಗನ್ನು ಮೂರು ರಾತ್ರಿ 85 ವ್ಯಾಟ್ ಮಿತಿಯಲ್ಲಿ ಓಡಿಸಿ, ಎಕ್ಸ್‌ಐಡಿ ಸಾಲು ಬರಲಿಲ್ಲವೆಂದು ಖಚಿತಪಡಿಸಿಕೊಂಡು ನಿಲ್ಲಿಸಿದ್ದೇನೆ. ವೈರ್‌ಮನ್ ಅವರ ಲೆಕ್ಕವನ್ನು ನನ್ನ ವ್ಯಾಲೆಟ್‌ನ ಪಕ್ಕದಲ್ಲಿಟ್ಟು ನೋಡಿದ ಮೇಲೆ ಮುಂದುವರಿಸುವ ಮನಸ್ಸಾಗಲಿಲ್ಲ. ಒಂದು ಕಾರ್ಡನ್ನು ತೆಗೆದಿಟ್ಟೆ, ಇನ್ನೊಂದನ್ನು ರೈಸರ್ ಬಿಟ್ಟು ನೇರವಾಗಿ ಮದರ್‌ಬೋರ್ಡಿನ ಸ್ಲಾಟ್‌ಗೆ ಕೂರಿಸಿದ್ದೇನೆ. ಇನ್ನು ಜಮೀನಿನ ದಾಖಲೆಗಳ ಇನ್ನೊಂದು ಪ್ರತಿಯನ್ನು ಶಿವಮೊಗ್ಗದಲ್ಲಿರುವ ತಮ್ಮನ ಮನೆಯ ಡಿಸ್ಕಿಗೆ ಆರ್‌ಸಿಂಕ್ ಎಂಬ ಕಡತ ನಕಲಿಸುವ ಸಾಧನದ ಮೂಲಕ ಕಳಿಸುವ ಕೆಲಸ ಬಾಕಿ ಇದೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.