ಸಹಾಯ ಬೇಕು: ಬದಲಾಗಿದ್ದು ರಿಸೆಪ್ಟರೋ, ಪಂಜರದ ನೆನಪೋ?

ಮುಂದಿನ ವಾರ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇಲಿಗೆ ದಿನ ಬಿಟ್ಟು ದಿನ ಅದೇ ಪ್ರಮಾಣದ ಆಂಫೆಟಮಿನ್ (ಮಿದುಳನ್ನು ಉತ್ತೇಜಿಸುವ ಡ್ರಗ್) ಕೊಟ್ಟರೂ ಅದರ ಓಡಾಟ ಸಲದಿಂದ ಸಲಕ್ಕೆ ಜಾಸ್ತಿ ಆಗುತ್ತದೆ. ಒಗ್ಗಿಹೋಗಿ ಕಮ್ಮಿ ಆಗಬೇಕಿತ್ತು ಅಲ್ವಾ? ರಿಸೆಪ್ಟರ್ ಅಂದರೆ ನರಕೋಶದಲ್ಲಿ ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನು; ಡೋಪಮಿನ್ ಎಂಬ ಸಂಕೇತ ಹಿಡಿಯುವ ಡಿ1 ರಿಸೆಪ್ಟರನ್ನೋ, ಗ್ಲುಟಮೇಟ್ ಎಂಬ ಸಂಕೇತ ಹಿಡಿಯುವ ಎನ್‌ಎಂಡಿಎ ರಿಸೆಪ್ಟರನ್ನೋ ಮೊದಲೇ ತಡೆದರೆ ಈ ಏರಿಕೆ ಹುಟ್ಟುವುದೇ ಕಷ್ಟ. ಇಲ್ಲಿವರೆಗೆ ಸರಿ.

ತಲೆ ಕೆಡಿಸಿದ್ದು ಪಂಜರ. ಡ್ರಗ್ ಕೊಡುತ್ತಿದ್ದ ಪಂಜರಕ್ಕೇ ಬಿಟ್ಟು ಬರೀ ಉಪ್ಪುನೀರು ಚುಚ್ಚಿದರೂ ಇಲಿ ಚುರುಕಾಗಿ ಓಡಾಡುತ್ತದೆ. ಗೋಡೆ, ವಾಸನೆ, ಸೂಜಿಯ ಚುಚ್ಚು, ಎಲ್ಲ ಸುಳಿವೇ. ಅದೇ ಇಲಿಗೆ ಬೇರೆ ಪಂಜರದಲ್ಲಿ ನಿಜವಾದ ಡ್ರಗ್ ಕೊಟ್ಟರೆ ಎಷ್ಟೋ ಸಲ ಆ ಏರಿಕೆ ಕಾಣುವುದೇ ಇಲ್ಲ!

ಹಾಗಾದರೆ ಮಿದುಳಿನಲ್ಲಿ ಆದ ಬದಲಾವಣೆ ಎಲ್ಲಿ ಹೋಯಿತು? ಹೊಸ ಜಾಗ ಅದನ್ನು ಅದುಮಿಡುತ್ತದೆಯೋ, ಇಲ್ಲ ಆ ಏರಿಕೆಯೇ ಬರೀ ಕಲಿಕೆಯೋ? ಎನ್‌ಎಂಡಿಎ ಕಲಿಕೆಗೂ ಬೇಕು. ಅದನ್ನು ತಡೆದ ಪ್ರಯೋಗ ಈ ಗಂಟು ಬಿಡಿಸಲ್ಲ ಅನಿಸುತ್ತದೆ.

ಡ್ರಗ್ ತಂದ ಬದಲಾವಣೆ, ಪಂಜರದ ಕಲಿಕೆ ಎರಡನ್ನೂ ಬೇರೆ ಮಾಡಿ ನೋಡಲು ಯಾವ ಕಂಟ್ರೋಲ್ ಗುಂಪು (ಹೋಲಿಕೆಗೆ ಇಡುವ ಇಲಿಗಳು) ಬೇಕು? ಪ್ರಯೋಗದ ಪಂಜರದಲ್ಲಲ್ಲ, ದಿನಾ ವಾಸಿಸುವ ಪಂಜರದಲ್ಲೇ ಡ್ರಗ್ ಪಡೆದ ಗುಂಪೊಂದು ಸಾಕಾ? ಲ್ಯಾಬಿನಲ್ಲಿ ಕೈಯಾರೆ ಮಾಡಿದವರು ದಯವಿಟ್ಟು ಹೇಳಿ. ಸುಮ್ನೆ ಲಿಂಕ್ ಹಾಕಬೇಡಿ, ಎರಡು ಸಾಲಾದರೂ ಬಿಡಿಸಿ ಬರೆಯಿರಿ.